ಅಸಿಮ್ ಸ್ನೋಬೋರ್ಡ್ ಬೇಕಾ? ಮೊದಲು ಕಾಲಲ್ಲಿ ಯಾವ ಬೂಟ್ ಇದೆ ಹೇಳಿ

ಎರಡು ಪಕ್ಕದ ಅಂಚು ಬೇರೆ ಬೇರೆ ಇರುವ ಅಸಿಮ್ (ಅಸಿಮೆಟ್ರಿಕಲ್) ಸ್ನೋಬೋರ್ಡ್ ತಗೊಳ್ಳಬೇಕಾ, ಎರಡೂ ಪಕ್ಕ ಒಂದೇ ಥರ ಇರುವ ಮಾಮೂಲಿ ಸಿಮೆಟ್ರಿಕಲ್ ಬೋರ್ಡ್ ಸಾಕಾ? ಕಾರ್ವಿಂಗ್ ಹುಚ್ಚು ಹತ್ತಿದ ಬೆಂಗಳೂರಿನವರು ಯಾರೇ ಸಿಗಲಿ, ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಇಲ್ಲಿಗೇ ಬರುತ್ತದೆ. ನಮ್ಮೂರಲ್ಲಿ ಹಿಮ ಬೀಳುವುದಿಲ್ಲ, ಆಲಿಕಲ್ಲು ಬಿದ್ದರೇ ದೊಡ್ಡ ಸುದ್ದಿ. ಆದರೂ ಜನವರಿ, ಫೆಬ್ರವರಿ ಬಂತೆಂದರೆ ರಜೆ ಹೊಂದಿಸಿಕೊಂಡು ಗುಲ್ಮಾರ್ಗ್‌ಗೆ ಹೋಗುವವರು, ದೆಹಲಿ ಮೇಲಿಂದ ಕಝಕಿಸ್ತಾನದ ಅಲ್ಮಾಟಿಗೆ ಹಾರುವವರು, ಸುಮಾರು ನಾಲ್ಕು ಗಂಟೆಯಲ್ಲಿ ದುಬೈ ಸೇರಿ ಮಾಲ್ ಒಳಗಿನ ಹಿಮದ ಮೇಲೆ ಜಾರುವವರು ಇಲ್ಲಿ ಕಮ್ಮಿಯೇನಿಲ್ಲ. ಅಂಥವರು ಎರಡನೇ ಮೂರನೇ ಸೀಸನ್ನಿಗೆ ಸ್ವಂತ ಬೋರ್ಡ್ ಹುಡುಕಲು ಶುರು ಮಾಡುತ್ತಾರೆ. ಆಗ ಒಂದು ಬೋರ್ಡಿನ ಫೋಟೋ ಕಣ್ಣಿಗೆ ಬೀಳುತ್ತದೆ, ಎರಡು ಪಕ್ಕದ ಅಂಚೂ ಒಂದೇ ಥರ ಇರುವುದಿಲ್ಲ. "ಗುರು, ಇದೇನು ಸೊಟ್ಟಗಿದೆಯಲ್ಲ, ಇದು ಒಳ್ಳೆಯದಾ?" ಅಂತ ಪ್ರಶ್ನೆ ಬರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೋರ್ಡಿನ ಮೇಲೆ ಪಕ್ಕಕ್ಕೆ ತಿರುಗಿ ನಿಂತ ಮನುಷ್ಯ ಯಾವತ್ತೂ ಸ್ವಲ್ಪ ಸೊಟ್ಟಗೇ ನಿಂತಿರುತ್ತಾನೆ. ಆ ಸೊಟ್ಟವನ್ನು ಎಲ್ಲಾದರೂ ಒಂದು ಕಡೆ ಸರಿ ಮಾಡಬೇಕು. ಬೋರ್ಡಿನ ಆಕಾರದಲ್ಲಿ ಮಾಡಬಹುದು, ಇಲ್ಲ ಬೂಟಿನಲ್ಲಿ, ಬೂಟನ್ನು ಬೋರ್ಡಿಗೆ ಬಿಗಿಯುವ ಬೈಂಡಿಂಗಿನಲ್ಲಿ ಮಾಡಬಹುದು. ಗಟ್ಟಿ ಪ್ಲಾಸ್ಟಿಕ್ಕಿನ ಹಾರ್ಡ್‌ಬೂಟ್ ಹಾಕಿ, ಕಾರ್ವಿಂಗ್ ಮತ್ತು ರೇಸಿಗೆಂದೇ ಮಾಡಿದ ಆಲ್ಪೈನ್ ಬೋರ್ಡ್ ಓಡಿಸುವವರು ಆ ಕೆಲಸವನ್ನು ಬೈಂಡಿಂಗಿಗೆ ವಹಿಸಿ ಎಷ್ಟೋ ವರ್ಷ ಆಯ್ತು, ಹಾಗಾಗಿ ಅವರಿಗೆ ಸಿಮೆಟ್ರಿಕಲ್ ಬೋರ್ಡೇ ಸರಿ. ಮಾಮೂಲಿ ಮೆತ್ತನೆ ಸಾಫ್ಟ್‌ಬೂಟಿನವರಿಗೆ ಆ ಸೌಕರ್ಯ ಅಷ್ಟಾಗಿ ಇಲ್ಲ, ಅದಕ್ಕೇ ಅಸಿಮ್ ಮತ್ತೆ ಅಂಗಡಿಗೆ ಬಂದಿದೆ. ಆದರೆ ಈಗ ಅಂಗಡಿಯಲ್ಲಿರುವ ಅಸಿಮ್ ಬೇರೆ, ಹಿಂದೆ ಕಾರ್ವಿಂಗ್‌ಗೆ ಅಂತ ಮಾಡುತ್ತಿದ್ದ ಅಸಿಮ್ ಬೇರೆ. ಎರಡಕ್ಕೂ ಒಂದೇ ಹೆಸರು ಇರುವುದರಿಂದ ಕೊಳ್ಳುವವರು ಎಡವುತ್ತಾರೆ.

ಕಾರ್ವಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ಬೋರ್ಡನ್ನು ಪಕ್ಕಕ್ಕೆ ವಾಲಿಸಿ, ಅದರ ಉಕ್ಕಿನ ಎಡ್ಜ್ ಹಿಮದಲ್ಲಿ ತೆಳ್ಳಗೆ ಒಂದೇ ಗೆರೆ ಕೊರೆಯುತ್ತಾ ತಿರುಗಿದರೆ ಅದು ಕಾರ್ವ್. ಹಿಮ ಕೆರೆದು ಪುಡಿ ಎದ್ದು, ಹಿಂದೆ ಅಗಲವಾದ ಉಜ್ಜಿದ ಗುರುತು ಉಳಿದರೆ ಅದು ಜಾರಿದ ತಿರುವು, ಅಷ್ಟೇ. ಬೋರ್ಡಿಗೆ ಸೊಂಟ ಸಣ್ಣ, ಎರಡೂ ತುದಿ ಅಗಲ. ಹಾಗೆ ಒಳಕ್ಕೆ ಬಾಗಿದ ಅಂಚಿಗೇ ಸೈಡ್‌ಕಟ್ ಅನ್ನುವುದು. ಆ ಬಾಗನ್ನು ದೊಡ್ಡ ವೃತ್ತದ ಒಂದು ತುಂಡು ಅಂದುಕೊಳ್ಳಿ, ಆ ವೃತ್ತದ ರೇಡಿಯಸ್ 8 ಮೀಟರ್ ಇದ್ದರೆ ಬೋರ್ಡಿನ ಸೈಡ್‌ಕಟ್ ರೇಡಿಯಸ್ 8 ಮೀಟರ್. ಬೋರ್ಡನ್ನು ವಾಲಿಸಿದಷ್ಟೂ ಅದು ಬಾಗುತ್ತದೆ, ತಿರುವು ಸಣ್ಣದಾಗುತ್ತದೆ. ಗಟ್ಟಿ ಹಿಮದ ಮೇಲೆ ಇದರ ಲೆಕ್ಕ ಸುಲಭ, ವಾಲಿದ ಕೋನದ ಕೊಸೈನ್‌ನಿಂದ ರೇಡಿಯಸ್ಸನ್ನು ಗುಣಿಸಿದರೆ ಹೆಚ್ಚುಕಮ್ಮಿ ಸಿಗುತ್ತದೆ. 60 ಡಿಗ್ರಿ ವಾಲಿಸಿದರೆ 8 ಮೀಟರಿನ ಬೋರ್ಡ್ 4 ಮೀಟರ್ ರೇಡಿಯಸ್ಸಿನ ತಿರುವು ಕೊರೆಯುತ್ತದೆ. ಆ ಹೊತ್ತಿಗೆ ಕಾಲಿನ ಮೇಲೆ ಬೀಳುವ ಭಾರ ಮೈ ತೂಕದ ಎರಡರಷ್ಟು. 70 ಕೆ.ಜಿ. ಮನುಷ್ಯನ ತೊಡೆ 140 ಕೆ.ಜಿ. ತಡೆದುಕೊಳ್ಳಬೇಕು. ಈ ಲೆಕ್ಕ ಇನ್ನೊಮ್ಮೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಈಗ ಸೊಟ್ಟ ಎಲ್ಲಿಂದ ಬರುತ್ತದೆ ನೋಡೋಣ.

ನಿಮ್ಮ ಪಾದ 27 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಬೋರ್ಡಿಗೆ ಸರಿಯಾಗಿ ಅಡ್ಡಲಾಗಿ, ಅಂದರೆ 0 ಡಿಗ್ರಿಯಲ್ಲಿ ಕಾಲಿಟ್ಟರೆ ಬೆರಳೂ ಹಿಮ್ಮಡಿಯೂ ಬೋರ್ಡಿನ ಉದ್ದದಲ್ಲಿ ಒಂದೇ ಜಾಗದಲ್ಲಿರುತ್ತವೆ. ಬೋರ್ಡಿನ ಮೂತಿಯ ಕಡೆಗೆ 15 ಡಿಗ್ರಿ ತಿರುಗಿಸಿ, ಬೆರಳು ಹಿಮ್ಮಡಿಗಿಂತ 7 ಸೆಂಟಿಮೀಟರ್ ಮುಂದೆ ಹೋಯಿತು. 45 ಡಿಗ್ರಿಗೆ ತಿರುಗಿಸಿದರೆ 19 ಸೆಂಟಿಮೀಟರ್. ಎರಡು ಕಾಲನ್ನೂ ಹೀಗೆ ಮುಂದಕ್ಕೆ ತಿರುಗಿಸಿ ನಿಂತವನು ಬೆರಳಿನ ಕಡೆ ವಾಲಿದಾಗ ಭಾರ ಬೋರ್ಡಿನ ಮುಂಭಾಗಕ್ಕೆ ಬೀಳುತ್ತದೆ, ಹಿಮ್ಮಡಿಯ ಕಡೆ ವಾಲಿದಾಗ ಹಿಂದಕ್ಕೆ. ಆದರೆ ಬೋರ್ಡಿನ ಎರಡು ಪಕ್ಕದ ಸೈಡ್‌ಕಟ್ಟೂ ಒಂದೇ ಕಡೆ ನಡು ಇಟ್ಟುಕೊಂಡಿರುತ್ತವೆ. ಹಾಗಾಗಿ ಒಂದು ತಿರುವಿನಲ್ಲಿ ಮೂತಿ ಜಾಸ್ತಿ ಕಚ್ಚುತ್ತದೆ, ಇನ್ನೊಂದರಲ್ಲಿ ಬಾಲ ಜಾಸ್ತಿ ಒತ್ತುತ್ತದೆ, ಇದನ್ನು ಸರಿದೂಗಿಸಲು ಓಡಿಸುವವನು ಪ್ರತಿ ತಿರುವಿಗೂ ಮೈಯನ್ನು ಹಿಂದೆ ಮುಂದೆ ಸರಿಸುತ್ತಾ ಇರಬೇಕು. ಚೆನ್ನಾಗಿ ಓಡಿಸುವವರು ಗೊತ್ತಿಲ್ಲದೆಯೇ ಇದನ್ನು ಮಾಡುತ್ತಾರೆ. ಉಳಿದವರಿಗೆ ಹಿಮ್ಮಡಿ ತಿರುವು ಅರ್ಧದಲ್ಲಿ ಕೈಕೊಟ್ಟು, ಕುಂಡಿ ಮೇಲೆ ಬಿದ್ದು, ಮತ್ತೆ ಎದ್ದು, ಬೋರ್ಡಿಗೆ ಬೈದು ಮುಗಿಯುತ್ತದೆ.

80ರ ದಶಕದ ಕೊನೆಯಲ್ಲಿ ಯುರೋಪಿನ ಕೆಲವರಿಗೆ ಇದಕ್ಕೊಂದು ನೇರ ಉಪಾಯ ಹೊಳೆಯಿತು. ಹಿಮ್ಮಡಿ ಹಿಂದೆ ಇದೆಯಲ್ವಾ, ಹಾಗಾದರೆ ಹಿಮ್ಮಡಿ ಕಡೆಯ ಸೈಡ್‌ಕಟ್ಟನ್ನೇ ಹಿಂದಕ್ಕೆ ಸರಿಸಿಬಿಡೋಣ. ಹಾಟ್, ಹೂಗರ್ ಬೂಗರ್ ಥರದ ಕಂಪನಿಗಳು ಅಂಥ ಬೋರ್ಡ್ ಮಾಡಿದವು. 90ರ ದಶಕದ ಶುರುವಿನಲ್ಲಿ ಅಮೆರಿಕದ ಬರ್ಟನ್ ಕೂಡ ಅಸಿಮ್ ಏರ್ ಅನ್ನುವ ಬೋರ್ಡ್ ಮಾರಿತು. ನೋಡಿದರೆ ಯಾರೋ ಬೋರ್ಡಿನ ಎರಡು ಪಕ್ಕ ಹಿಡಿದು ಒಂದನ್ನು ಹಿಂದಕ್ಕೆ ಎಳೆದ ಹಾಗೆ, ಮೂತಿ ಬಾಲ ಎರಡೂ ಓರೆ. ಚೆಂದ ಇರಲಿಲ್ಲ ಅಂತ ನಾನು ಹೇಳುವುದಿಲ್ಲ, ನನಗಂತೂ ಆ ಓರೆ ಮೂತಿ ಇಷ್ಟ. ಒಂದೇ ತೊಡಕು, ಎಡಗಾಲು ಮುಂದಿಡುವ ರೆಗ್ಯುಲರ್‌ಗಳಿಗೆ ಒಂದು ಬೋರ್ಡ್, ಬಲಗಾಲು ಮುಂದಿಡುವ ಗೂಫಿಗಳಿಗೆ ಅದರ ಕನ್ನಡಿ ಬಿಂಬದಂಥ ಇನ್ನೊಂದು ಬೋರ್ಡ್ ಬೇಕು. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ. ಆಗುವುದಿಲ್ಲ ಅನ್ನುವುದಕ್ಕಿಂತ, ಹಾಕಿಕೊಂಡರೆ ತಿದ್ದುಪಡಿ ಉಲ್ಟಾ ಆಗಿ ತೊಂದರೆ ಎರಡು ಪಟ್ಟಾಗುತ್ತದೆ.

90ರ ದಶಕದ ಮಧ್ಯಕ್ಕೆ ಬರುವಷ್ಟರಲ್ಲಿ ಈ ಬೋರ್ಡ್‌ಗಳು ಹೆಚ್ಚುಕಮ್ಮಿ ಮಾಯ. ಯಾಕೆ ಅಂತ ಕೇಳಿದರೆ ಎಲ್ಲರೂ ದುಡ್ಡಿನ ಕಾರಣ ಹೇಳುತ್ತಾರೆ. ಅದು ನಿಜವೇ. ಪ್ರತಿ ಉದ್ದಕ್ಕೂ ಎರಡೆರಡು ಅಚ್ಚು ಬೇಕು, ಅಂಗಡಿಯವನು ಎರಡೆರಡು ಸ್ಟಾಕ್ ಇಟ್ಟುಕೊಳ್ಳಬೇಕು, ಗೂಫಿ ಬೋರ್ಡ್ ಮಾರಾಟ ಆಗದೆ ಉಳಿದರೆ ನಷ್ಟ. ಅದೇ ಹೊತ್ತಿಗೆ ಸ್ನೋಬೋರ್ಡ್ ಮಾರುಕಟ್ಟೆ ಪೂರ್ತಿ ಫ್ರೀಸ್ಟೈಲ್ ಕಡೆ ವಾಲಿತು. ಹಾರಿ, ಸುತ್ತಿ, ಹಿಂದುಮುಂದಾಗಿ ಇಳಿದು ಅದೇ ದಿಕ್ಕಲ್ಲಿ ಜಾರಿಕೊಂಡು ಹೋಗುವವರಿಗೆ ಓರೆ ಬೋರ್ಡ್ ಯಾಕೆ? ಆದರೆ ದುಡ್ಡೊಂದೇ ಕಾರಣ ಆಗಿದ್ದರೆ ರೇಸಿನವರು ಬಿಡುತ್ತಿರಲಿಲ್ಲ. ನೂರನೇ ಒಂದು ಸೆಕೆಂಡಿಗೆ ಸಾಯುವ ಜನ ಅವರು, ಎರಡು ಅಚ್ಚಲ್ಲ, ಹತ್ತು ಅಚ್ಚಾದರೂ ಮಾಡಿಸುತ್ತಿದ್ದರು. ಅವರೂ ಬಿಟ್ಟರು ಅಂದರೆ ಬೇರೇನೋ ಆಗಿರಬೇಕು.

ಆಗಿದ್ದು ಏನೆಂದರೆ ಕಾಲಿನ ಕೋನ ಬದಲಾಯಿತು, ಬೋರ್ಡಿನ ಅಗಲ ಕಮ್ಮಿಯಾಯಿತು, ಬೈಂಡಿಂಗ್ ಜಾಣ ಆಯಿತು.

ಮಾಮೂಲಿ ಸಾಫ್ಟ್‌ಬೂಟ್ ಬೋರ್ಡಿನ ಸೊಂಟ 25 ಸೆಂಟಿಮೀಟರ್ ಆಸುಪಾಸು ಇರುತ್ತದೆ. ಆಲ್ಪೈನ್ ಬೋರ್ಡಿನದು 18ರಿಂದ 21. ಸಣ್ಣ ಬೋರ್ಡ್ ಒಂದು ಎಡ್ಜ್‌ನಿಂದ ಇನ್ನೊಂದಕ್ಕೆ ಬೇಗ ಹೊರಳುತ್ತದೆ, ರೇಸಿನಲ್ಲಿ ಅದೇ ಬೇಕಾದದ್ದು. ಆದರೆ ಅಷ್ಟು ಸಣ್ಣ ಬೋರ್ಡಿನ ಮೇಲೆ ಕಾಲು ಅಡ್ಡ ಇಟ್ಟರೆ ಬೆರಳೂ ಹಿಮ್ಮಡಿಯೂ ಹೊರಗೆ ಚಾಚಿಕೊಂಡು, ವಾಲಿಸಿದ ಕೂಡಲೇ ಹಿಮಕ್ಕೆ ತಗುಲಿ, ಎಡ್ಜ್ ಎದ್ದು ಮನುಷ್ಯ ಹಾರಿಹೋಗುತ್ತಾನೆ. ಅದಕ್ಕೇ ಕಾಲನ್ನು 55, 60, 65 ಡಿಗ್ರಿಗೆ ತಿರುಗಿಸಿದರು.

ಇಲ್ಲಿ ಒಂದು ಸಂಶಯ ಬರಲೇಬೇಕು. ಕೋನ ಜಾಸ್ತಿಯಾದಷ್ಟೂ ಬೆರಳು ಹಿಮ್ಮಡಿ ಅಂತರ ಜಾಸ್ತಿಯಾಗುತ್ತದೆ ಅಂತ ಈಗಷ್ಟೇ ಹೇಳಿದೆ, 60 ಡಿಗ್ರಿಯಲ್ಲಿ ಅದು 23 ಸೆಂಟಿಮೀಟರ್. ಹಾಗಾದರೆ ಅಸಿಮ್ ಇನ್ನೂ ಜಾಸ್ತಿ ಬೇಕಲ್ವಾ? ಬೇಡ. ಪೂರ್ತಿ 90 ಡಿಗ್ರಿಗೆ ಹೋಗಿ ನೋಡಿ, ಕಾಲು ಎರಡೂ ಮೂತಿಯ ಕಡೆ ನೇರ, ಒಂದರ ಹಿಂದೆ ಒಂದು. ಫ್ರೆಂಚರ ಸ್ಕ್ವಾಲ್ ಅನ್ನುವ ಸಾಧನದ ಮೇಲೆ ಹೀಗೆಯೇ ನಿಲ್ಲುತ್ತಾರೆ. ಆಗ ಎಡ್ಜ್ ಒತ್ತುವುದು ಬೆರಳಿನಿಂದಲೂ ಅಲ್ಲ, ಹಿಮ್ಮಡಿಯಿಂದಲೂ ಅಲ್ಲ, ಪಾದದ ಎಡಬಲ ಪಕ್ಕಗಳಿಂದ. ಎಡಕ್ಕೂ ಬಲಕ್ಕೂ ಭಾರ ಬೀಳುವ ಜಾಗ ಒಂದೇ, ಸೊಟ್ಟ ಸೊನ್ನೆ. 0 ಡಿಗ್ರಿಯಲ್ಲೂ ಹಿಂದು ಮುಂದಿನ ಸೊಟ್ಟ ಸೊನ್ನೆಯೇ ಇತ್ತು. ಅಂದರೆ ಈ ಸೊಟ್ಟ ಎರಡು ತುದಿಯಲ್ಲೂ ಇಲ್ಲ, ನಡುವೆ 45 ಡಿಗ್ರಿ ಸುತ್ತಮುತ್ತ ಅತಿ ಜಾಸ್ತಿ. ಅಗಲ ಬೋರ್ಡಿನ ಮೇಲೆ 45ರ ಆಸುಪಾಸಿನಲ್ಲಿ ನಿಂತಿದ್ದ ಆ ಕಾಲದವರಿಗೆ ಅಸಿಮ್ ಹೊಳೆದದ್ದು ಸುಮ್ನೆ ಅಲ್ಲ. ಅವರ ಕಾಲ ಕೆಳಗೇ ತೊಂದರೆ ಅತಿ ಜಾಸ್ತಿ ಇತ್ತು.

60 ಡಿಗ್ರಿಗೆ ಹೋದರೆ ಸೊಟ್ಟ ಪೂರ್ತಿ ಹೋಗುವುದಿಲ್ಲ, ಸ್ವಲ್ಪ ಇಳಿಯುತ್ತದೆ ಅಷ್ಟೇ. ಉಳಿದದ್ದನ್ನು ಬೈಂಡಿಂಗ್ ನೋಡಿಕೊಂಡಿತು. ಹಾರ್ಡ್‌ಬೂಟಿಗೆ ಹಾಕುವ ಪ್ಲೇಟ್ ಬೈಂಡಿಂಗಿನಲ್ಲಿ ಮುಂದಿನ ಕಾಲಿನ ಬೆರಳ ಕೆಳಗೆ ಒಂದು ಓರೆ ತುಂಡು ಕೂರಿಸಿ ಎತ್ತರಿಸುತ್ತಾರೆ, ಹಿಂದಿನ ಕಾಲಿನ ಹಿಮ್ಮಡಿ ಕೆಳಗೆ ಇನ್ನೊಂದು. 3 ಡಿಗ್ರಿ, 6 ಡಿಗ್ರಿ, ಹೀಗೆ ಬೇಕಾದಷ್ಟು. ಜೊತೆಗೆ ಪಕ್ಕಕ್ಕೂ ಓರೆ ಕೊಡಬಹುದು, ಅದಕ್ಕೆ ಕ್ಯಾಂಟ್ ಅನ್ನುತ್ತಾರೆ. ಹೀಗೆ ಮಾಡಿದಾಗ ಮೊಣಕಾಲುಗಳು ಒಂದರ ಕಡೆಗೊಂದು ಬಂದು, ಮೈ ಭಾರ ಎರಡು ಕಾಲಿನ ನಡುವೆ ಕೂರುತ್ತದೆ, ಹಿಂದೆ ಮುಂದೆ ಓಡಾಡುವುದು ಕಮ್ಮಿಯಾಗುತ್ತದೆ. ಹಾರ್ಡ್‌ಬೂಟಿನ ಗಟ್ಟಿ ಪ್ಲಾಸ್ಟಿಕ್ ಮೊಣಕಾಲಿನ ಕೆಳಗಿನವರೆಗೆ ಬಿಗಿ ಹಿಡಿದಿರುವುದರಿಂದ ಕಾಲು ಸ್ವಲ್ಪ ಅಲುಗಿದರೂ ಬೋರ್ಡಿಗೆ ತಿಳಿಯುತ್ತದೆ. ಬೆರಳಿನಿಂದ ಒತ್ತಬೇಕು, ಹಿಮ್ಮಡಿಯಿಂದ ಒತ್ತಬೇಕು ಅನ್ನುವ ಕಷ್ಟವೇ ಅಷ್ಟಾಗಿ ಇಲ್ಲ, ಮೊಣಕಾಲು ಸೊಂಟ ಸರಿಸಿದರೆ ಬೋರ್ಡ್ ವಾಲುತ್ತದೆ.

ಇದರ ಮೇಲೆ ಇನ್ನೊಂದು ಬಂತು. ರೇಸಿನವರು ಈಗ ಬೋರ್ಡಿಗೂ ಬೈಂಡಿಂಗಿಗೂ ನಡುವೆ ಉದ್ದನೆಯ ಒಂದು ಪ್ಲೇಟ್ ಹಾಕುತ್ತಾರೆ. ಮನುಷ್ಯ ನಿಲ್ಲುವುದು ಆ ಪ್ಲೇಟಿನ ಮೇಲೆ, ಪ್ಲೇಟ್ ಬೋರ್ಡಿಗೆ ಸೇರುವುದು ಅದರದೇ ಕೀಲುಗಳ ಹತ್ತಿರ ಮಾತ್ರ. ಕೆಳಗೆ ಬೋರ್ಡ್ ತನ್ನ ಪಾಡಿಗೆ ತಾನು ಬಾಗುತ್ತದೆ. ನಿಮ್ಮ ಬೆರಳು ಎಲ್ಲಿದೆ, ಹಿಮ್ಮಡಿ ಎಲ್ಲಿದೆ ಅನ್ನುವುದು ನೇರವಾಗಿ ಬೋರ್ಡಿಗೆ ಗೊತ್ತೇ ಆಗುವುದಿಲ್ಲ. ಅಂಥ ಬೋರ್ಡಿಗೆ ಓರೆ ಸೈಡ್‌ಕಟ್ ಕೊಟ್ಟು ಏನು ಮಾಡೋಣ?

ಕ್ರಿಕೆಟ್ ಬ್ಯಾಟ್ ನೆನಪು ಮಾಡಿಕೊಳ್ಳಿ. ಎಡಗೈ ಆಟಗಾರನಿಗೂ ಬಲಗೈ ಆಟಗಾರನಿಗೂ ಬ್ಯಾಟ್ ಒಂದೇ, ಗ್ಲೌಸ್ ಮಾತ್ರ ಬೇರೆ. ಆಲ್ಪೈನ್ ಸ್ನೋಬೋರ್ಡ್ ಕೊನೆಗೆ ಹೋಗಿ ನಿಂತದ್ದು ಅಲ್ಲಿಗೇ.

ಒಲಿಂಪಿಕ್ಸ್‌ಗೆ ಸ್ನೋಬೋರ್ಡ್ ಬಂದದ್ದು 1998ರಲ್ಲಿ, ಜಪಾನಿನ ನಾಗಾನೊದಲ್ಲಿ. ಆಗ ಗೇಟುಗಳನ್ನು ಸುತ್ತಿಕೊಂಡು ಇಳಿಯುವ ಜೈಂಟ್ ಸ್ಲಾಲಂ ರೇಸ್ ಇತ್ತು, ಕೆನಡಾದ ರಾಸ್ ರೆಬಗ್ಲಿಯಾಟಿ, ಫ್ರಾನ್ಸಿನ ಕರೀನ್ ರೂಬಿ ಚಿನ್ನ ಗೆದ್ದರು. 2002ರಿಂದ ಇಬ್ಬಿಬ್ಬರು ಪಕ್ಕಪಕ್ಕದಲ್ಲಿ ಇಳಿಯುವ ಪ್ಯಾರಲಲ್ ಜೈಂಟ್ ಸ್ಲಾಲಂ. ಪ್ಯಾರಲಲ್ ಸ್ಲಾಲಂ ಅನ್ನುವುದನ್ನು 2014ರ ಸೋಚಿಯಲ್ಲಿ ಒಂದೇ ಒಂದು ಸಲ ಸೇರಿಸಿ ಆಮೇಲೆ ತೆಗೆದರು. ಆ ಒಂದು ಸಲದಲ್ಲಿ ರಷ್ಯಾ ಪರ ಆಡಿದ ವಿಕ್ ವೈಲ್ಡ್ ಎರಡೂ ಚಿನ್ನ ಬಾಚಿಕೊಂಡ. 2018ರಲ್ಲಿ ಜೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಸ್ಕೀ ಸೂಪರ್-ಜಿ ಚಿನ್ನ ಗೆದ್ದು, ಅದೇ ಕ್ರೀಡಾಕೂಟದಲ್ಲಿ ಸ್ನೋಬೋರ್ಡ್ ಚಿನ್ನವನ್ನೂ ಗೆದ್ದಳು, 2022ರಲ್ಲಿ ಸ್ನೋಬೋರ್ಡ್ ಚಿನ್ನ ಉಳಿಸಿಕೊಂಡಳು. ಇಂದಿನ ರೇಸ್ ಬೋರ್ಡ್ ಅಂದರೆ ಸಿಮೆಟ್ರಿಕಲ್ಲೇ. ಸ್ವಿಟ್ಜರ್ಲೆಂಡಿನ ಕೆಸ್ಲರ್, ಆಸ್ಟ್ರಿಯಾದ ಎಸ್‌ಜಿ ಥರದವರು ಮಾಡುವ ಈ ಬೋರ್ಡ್‌ಗಳಲ್ಲಿ ಜಾಣತನ ಎಲ್ಲ ಬೇರೆ ಕಡೆ ಇದೆ. ಟೈಟನಲ್ ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ತೆಳು ಹಾಳೆ ಒಳಗಿರುತ್ತದೆ, ಅದು ಗಡಗಡ ನಡುಕವನ್ನು ಹೀರುತ್ತದೆ. ಸೈಡ್‌ಕಟ್ ಒಂದೇ ವೃತ್ತದ ತುಂಡಾಗಿರದೆ ಮೂತಿಯಿಂದ ಬಾಲಕ್ಕೆ ಹೋಗುತ್ತಾ ಬದಲಾಗುತ್ತದೆ. ಅಂದರೆ ಉದ್ದದ ದಿಕ್ಕಿನಲ್ಲಿ ಬೋರ್ಡ್ ಏಕರೂಪ ಅಲ್ಲವೇ ಅಲ್ಲ, ಎಡಬಲ ಮಾತ್ರ ಒಂದೇ.

ರೇಸಿನವರು ಮಾಡಿದ್ದೇ ಸರಿ ಅಂತ ನಾನು ವಾದ ಮಾಡುವುದಿಲ್ಲ. ಅವರಲ್ಲೂ ಒಬ್ಬ ಗೆದ್ದ ಬೋರ್ಡಿನ ಹಿಂದೆ ಹತ್ತು ಜನ ಓಡುತ್ತಾರೆ. ಆದರೆ ಇಷ್ಟು ವರ್ಷ, ಇಷ್ಟು ಹಟದವರು, ಸಾವಿರ ಪ್ರಯೋಗ ಮಾಡಿಯೂ ಓರೆ ಬೋರ್ಡಿಗೆ ವಾಪಸ್ ಹೋಗಲಿಲ್ಲ ಅನ್ನುವುದಕ್ಕೆ ಬೆಲೆ ಕೊಡಬೇಕು. ಹಾರ್ಡ್‌ಬೂಟ್ ಹಾಕುವವರಿಗೆ ಅಸಿಮ್ ಬೇಡ, ಇಲ್ಲಿಗೆ ಆ ವಿಷಯ ಮುಗಿಯಿತು.

ಸಾಫ್ಟ್‌ಬೂಟ್ ವಿಷಯ ಬೇರೆ, ನಮಗೆ ಜಾಸ್ತಿ ಬೇಕಾದದ್ದೂ ಅದೇ. ಈಗ ಕಾರ್ವಿಂಗ್ ಮತ್ತೆ ಫ್ಯಾಷನ್ ಆಗಿರುವುದು ಸಾಫ್ಟ್‌ಬೂಟಿನಲ್ಲಿ. ಜಪಾನ್, ಕೊರಿಯಾದವರು ಸುತ್ತಿಗೆ ತಲೆಯಂಥ ಅಗಲ ಮೊಂಡು ಮೂತಿಯ ಬೋರ್ಡ್ ಹಾಕಿಕೊಂಡು ಮೊಣಕೈ ಹಿಮಕ್ಕೆ ತಾಗುವಷ್ಟು ಮಲಗಿ ಕೊರೆಯುವ ವಿಡಿಯೋ ನೀವೂ ನೋಡಿರುತ್ತೀರಿ. ಅದನ್ನು ನೋಡಿಯೇ ನಮ್ಮಲ್ಲಿ ಅರ್ಧ ಜನಕ್ಕೆ ಈ ಹುಚ್ಚು ಹತ್ತಿದ್ದು.

ಅದೇ ಹೊತ್ತಿಗೆ ಅಮೆರಿಕದ ಜಿಎನ್‌ಯು, ಜೊತೆಗೆ ಯೆಸ್ ಥರದ ಕಂಪನಿಗಳು ಅಸಿಮ್ ಟ್ವಿನ್ ಮಾರುತ್ತಿವೆ. ಇವು ಹಳೆಯ ಓರೆ ಬೋರ್ಡ್ ಅಲ್ಲ. ಮೂತಿ ಬಾಲ ಎರಡೂ ಒಂದೇ ಥರ. ಬೆರಳಿನ ಕಡೆಗಿಂತ ಹಿಮ್ಮಡಿಯ ಕಡೆ ಸೈಡ್‌ಕಟ್ ಆಳ, ಅಂದರೆ ರೇಡಿಯಸ್ ಸಣ್ಣ. ರೆಗ್ಯುಲರ್ ಆಗಲಿ ಗೂಫಿ ಆಗಲಿ ಅದೇ ಬೋರ್ಡ್ ಸಾಕು, ಬಾಲವನ್ನು ಮೂತಿ ಮಾಡಿಕೊಂಡರೆ ಆಯ್ತು. ಸ್ಟಾಕಿನ ತಲೆನೋವು ಇಲ್ಲ, ಅದಕ್ಕೇ ಇದು ಅಂಗಡಿಯಲ್ಲಿ ಬದುಕಿದೆ.

ಇದರ ಹಿಂದಿನ ಯೋಚನೆ ಗಟ್ಟಿಯಾಗಿಯೇ ಇದೆ. ಸಾಫ್ಟ್‌ಬೂಟಿನಲ್ಲಿ ಬೆರಳಿನ ಕಡೆ ವಾಲಿದಾಗ ಹರಡು ಬಾಗುತ್ತದೆ, ಮೊಣಕಾಲು ಬಾಗುತ್ತದೆ, ಪಾದ ಒತ್ತುತ್ತದೆ, ಹೀಗೆ ಸರಿ ಮಾಡಿಕೊಳ್ಳಲು ನಾಲ್ಕಾರು ಕೀಲು ಇವೆ. ಹಿಮ್ಮಡಿ ಕಡೆ ವಾಲಿದಾಗ ಹರಡು ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ, ಬೈಂಡಿಂಗಿನ ಹಿಂದಿನ ಒರಗುವ ಪಟ್ಟಿಗೆ ಕಾಲು ಒರಗಿಸಿ ಕುರ್ಚಿ ಮೇಲೆ ಕೂತ ಹಾಗೆ ಕೂರುವುದೇ ದಾರಿ. ಆ ಎರಡು ಪಟ್ಟು ಭಾರ ಅಂದೆನಲ್ಲ, ಅದೆಲ್ಲ ತೊಡೆಯ ಮೇಲೇ. ಕಬ್ಬನ್ ಪಾರ್ಕ್ ರಸ್ತೆಗಳಲ್ಲಿ ಬೆಳಗಿನ ಹೊತ್ತು ಲಾಂಗ್‌ಬೋರ್ಡ್ ಓಡಿಸುವ ಹುಡುಗರನ್ನು ಕೇಳಿ, ಹಿಮ್ಮಡಿ ಕಡೆಯ ತಿರುವಿಗೇ ಭಯ ಜಾಸ್ತಿ ಅನ್ನುತ್ತಾರೆ. ಇಷ್ಟೇ ಅಲ್ಲ, ಡಕ್ ಸ್ಟ್ಯಾನ್ಸ್ ಲೆಕ್ಕವೂ ಸೇರುತ್ತದೆ. ಮುಂದಿನ ಕಾಲು ಮೂತಿಯ ಕಡೆ 15 ಡಿಗ್ರಿ, ಹಿಂದಿನ ಕಾಲು ಬಾಲದ ಕಡೆ 15 ಡಿಗ್ರಿ ತಿರುಗಿಸಿ ನಿಂತರೆ, ಕಾಲುಗಳ ನಡುವೆ 54 ಸೆಂಟಿಮೀಟರ್ ಇದ್ದರೂ ಬೆರಳುಗಳ ನಡುವೆ 61, ಹಿಮ್ಮಡಿಗಳ ನಡುವೆ 47 ಆಗುತ್ತದೆ. ಹಿಮ್ಮಡಿಯ ಕಡೆ ನಿಮ್ಮ ನೆಲೆಯೇ ಕಿರಿದು. ಅಲ್ಲಿ ಸೈಡ್‌ಕಟ್ ಸ್ವಲ್ಪ ಚೂಪು ಕೊಟ್ಟರೆ ತಿರುವು ಬೇಗ ಬರುತ್ತದೆ ಅನ್ನುವುದು ನ್ಯಾಯವಾದ ಮಾತು.

ಆದರೆ ಎಷ್ಟು ಬೇಗ? ಬೆರಳಿನ ಕಡೆ 8 ಮೀಟರ್, ಹಿಮ್ಮಡಿಯ ಕಡೆ 7.5 ಮೀಟರ್ ಇರುವ ಬೋರ್ಡ್ ಅಂತಿಟ್ಟುಕೊಳ್ಳೋಣ. 50 ಡಿಗ್ರಿ ವಾಲಿಸಿದರೆ 8 ಮೀಟರಿನ ಎಡ್ಜ್ ಸುಮಾರು 5.1 ಮೀಟರಿನ ತಿರುವು ಕೊಡುತ್ತದೆ, 7.5ರದು 4.8. ಅದೇ 8 ಮೀಟರಿನ ಎಡ್ಜನ್ನು 53 ಡಿಗ್ರಿ ವಾಲಿಸಿದರೆ? ಅದೂ 4.8ಕ್ಕೆ ಬರುತ್ತದೆ. ಸೈಡ್‌ಕಟ್ ರೇಡಿಯಸ್ ಅರ್ಧ ಮೀಟರ್ ಕಮ್ಮಿ ಮಾಡಿದ ಲಾಭ 3 ಡಿಗ್ರಿ ವಾಲಿಕೆಗೆ ಸಮ. ಹಿಮ್ಮಡಿ ತಿರುವಿನಲ್ಲಿ ಕೂರುವ ಬದಲು ಸೊಂಟ ಮುರಿದು ಮುಂದಕ್ಕೆ ಬಗ್ಗಿದರೆ ಕಳೆದುಕೊಳ್ಳುವುದು ಇದಕ್ಕಿಂತ ಎಷ್ಟೋ ಜಾಸ್ತಿ. ನನ್ನ ಪ್ರಕಾರ ಅಸಿಮ್ ಟ್ವಿನ್ ಸುಳ್ಳಲ್ಲ, ಸಹಾಯ ಮಾಡುತ್ತದೆ, ಆದರೆ ಕಲಿಯುತ್ತಿರುವವನ ಹಿಮ್ಮಡಿ ತಿರುವನ್ನು ಅದು ಬಂದು ರಿಪೇರಿ ಮಾಡುತ್ತದೆ ಅಂತ ಯಾರಾದರೂ ಮಾರುತ್ತಿದ್ದರೆ ನಂಬಬೇಡಿ.

ಇನ್ನು ಮುಖ್ಯವಾದ ತೊಡಕು. ಕಾರ್ವಿಂಗ್ ಗಂಭೀರವಾಗಿ ತೆಗೆದುಕೊಂಡವರಲ್ಲಿ ಬಹಳ ಜನ ಡಕ್ ಸ್ಟ್ಯಾನ್ಸ್ ಬಿಟ್ಟು ಎರಡು ಕಾಲನ್ನೂ ಮುಂದಕ್ಕೆ ತಿರುಗಿಸುತ್ತಾರೆ, ಮುಂದಿನದು 36 ಡಿಗ್ರಿ, ಹಿಂದಿನದು 21, ಹೀಗೆ ಏನೋ ಒಂದು. ಆ ಕ್ಷಣಕ್ಕೆ ನಿಮ್ಮ ಎರಡು ಹಿಮ್ಮಡಿಯೂ ಬೆರಳಿಗಿಂತ ಹಿಂದೆ ಸರಿದವು. ನಿಮಗೆ ಈಗ ಬೇಕಾದದ್ದು ಹಿಂದಕ್ಕೆ ಸರಿದ ಸೈಡ್‌ಕಟ್, ಅಂದರೆ ಹಳೇ ಕಾಲದ ಓರೆ ಬೋರ್ಡಿನ ತಿದ್ದುಪಡಿ. ಅಸಿಮ್ ಟ್ವಿನ್ ಕೊಡುತ್ತಿರುವುದು ಆಳವಾದ ಸೈಡ್‌ಕಟ್, ಅದರ ನಡು ಮಾತ್ರ ಇದ್ದಲ್ಲೇ ಇದೆ. ಕಾಯಿಲೆ ಒಂದು, ಮದ್ದು ಇನ್ನೊಂದು. ವಿಚಿತ್ರ ಅಂದರೆ, ಇವತ್ತು ಸಾಫ್ಟ್‌ಬೂಟಿನಲ್ಲಿ ಮುಂದಕ್ಕೆ ತಿರುಗಿ ನಿಂತು ಕಾರ್ವ್ ಮಾಡುವವನು ಹಿಂದಿನ ಅಸಿಮ್ ಕಾಲದವರು ನಿಂತಿದ್ದ ಜಾಗಕ್ಕೇ ಹತ್ತಿರ ಬಂದಿದ್ದಾನೆ, ಅವನಿಗೆ ಸರಿಯಾದ ಅಸಿಮ್ ಮಾತ್ರ ಸಾಮಾನ್ಯ ಅಂಗಡಿಯಲ್ಲಿ ಸಿಗುವುದಿಲ್ಲ. ಬೋರ್ಡನ್ನು ಅಳತೆ ಕೊಟ್ಟು ಮಾಡಿಸಿಕೊಳ್ಳುವ ಸಣ್ಣ ಕಾರ್ಖಾನೆಗಳಿವೆ, ಕೊಲೊರಾಡೊದ ಡೋನೆಕ್ ಅಂಥದ್ದೊಂದು. ಆದರೆ ವರ್ಷಕ್ಕೆ ಒಂದು ವಾರ ಹಿಮ ಕಾಣುವ ಬೆಂಗಳೂರಿನವನು ಅಷ್ಟು ದುಡ್ಡು ಸುರಿಯಬೇಕಾ? ನನಗೆ ಹಾಗನ್ನಿಸುವುದಿಲ್ಲ.

ಯಾಕೆಂದರೆ ಸಾಫ್ಟ್‌ಬೂಟಿನಲ್ಲೂ ತಿದ್ದುಪಡಿಗೆ ಒಂದಿಷ್ಟು ಪುಗಸಟ್ಟೆ ದಾರಿ ಇವೆ, ಜನ ಅವನ್ನು ಮುಟ್ಟುವುದೇ ಇಲ್ಲ. ಬೈಂಡಿಂಗನ್ನು ಬೋರ್ಡಿಗೆ ಬಿಗಿಯುವ ಡಿಸ್ಕನ್ನು ಅಡ್ಡಕ್ಕೆ ಸರಿಸಿ ಬೂಟ್ ಬೋರ್ಡಿನ ಸರಿಯಾದ ನಡುವೆ ಬರುವ ಹಾಗೆ ಮಾಡಬಹುದು. ಬಾಡಿಗೆ ಬೋರ್ಡ್‌ಗಳಲ್ಲಿ ಇದು ಎಷ್ಟೋ ಸಲ ತಪ್ಪಿರುತ್ತದೆ, ಹಿಮ್ಮಡಿ ಜಾಸ್ತಿ ಹೊರಗೋ ಬೆರಳು ಜಾಸ್ತಿ ಹೊರಗೋ ಇರುತ್ತದೆ, ಆಮೇಲೆ ಒಂದು ಕಡೆ ತಿರುವು ಸರಿ ಬರುತ್ತಿಲ್ಲ ಅಂತ ಕೊರಗುತ್ತೇವೆ. ಹಿಂದಿನ ಪಟ್ಟಿಯನ್ನು ಮುಂದಕ್ಕೆ ಓರೆ ಮಾಡಬಹುದು, ಹಿಮ್ಮಡಿ ತಿರುವು ತಟ್ಟನೆ ಹಿಡಿಯುತ್ತದೆ. ಕೊನೆಯದಾಗಿ ಎಡ್ಜ್. ಎಡ್ಜಿನ ಪಕ್ಕದ ಕೋನವನ್ನು ಬೆರಳಿನ ಕಡೆ 2 ಡಿಗ್ರಿ, ಹಿಮ್ಮಡಿ ಕಡೆ 3 ಡಿಗ್ರಿ ಅಂತ ಬೇರೆ ಬೇರೆಯಾಗಿ ಸಾಣೆ ಹಿಡಿದರೆ ಸಿಮೆಟ್ರಿಕಲ್ ಬೋರ್ಡಿನಲ್ಲೇ ನಿಮಗೆ ಬೇಕಾದ ಅಸಿಮ್ ಒಂದು ಮಟ್ಟಕ್ಕೆ ಬಂತು. ಇದಕ್ಕೆ ಅರ ಮತ್ತು ಕೋನ ಹಿಡಿಯುವ ಒಂದು ಸಣ್ಣ ಗೈಡ್ ಸಾಕು. ಮಳೆಗಾಲ ಪೂರ್ತಿ ಕಪಾಟಿನ ಹಿಂದೆ ಒರಗಿಸಿಟ್ಟ ಬೋರ್ಡಿನ ಎಡ್ಜ್ ತುಕ್ಕು ಹಿಡಿದಿರುತ್ತದೆ, ಅದನ್ನು ಹಾಗೇ ಹಿಮಕ್ಕೆ ಒಯ್ದು ಅಸಿಮ್ ಬೇಕು ಅಂದರೆ ಹೇಗೆ?

ಎಲ್ಲಿ ಓಡಿಸುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರಬೇಕು. ಗುಲ್ಮಾರ್ಗ್ ಅದ್ಭುತ, ಅಲ್ಲಿನ ಗೊಂಡೊಲಾ ಕೇಬಲ್ ಕಾರಿನ ಎರಡನೇ ಹಂತ ಸುಮಾರು 3,980 ಮೀಟರ್ ಎತ್ತರಕ್ಕೆ ಒಯ್ಯುತ್ತದೆ, 2020ರಿಂದ ಖೇಲೋ ಇಂಡಿಯಾ ವಿಂಟರ್ ಗೇಮ್ಸ್ ಕೂಡ ಅಲ್ಲಿ ನಡೆಯುತ್ತಿದೆ. (ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಹೆಸರು ಮಾಡಿದ್ದಾರೆ, ಹಿಮ ಕಾಣದ ರಾಜ್ಯ ಅಂತ ನಾವು ಸುಮ್ಮನಿರಬೇಕಾಗಿಲ್ಲ.) ಆದರೆ ಗೊಂಡೊಲಾ ಹತ್ತುವ ಅಪರ್ವಟ್ ಬೆಟ್ಟದ ಹೆಸರು ಇರುವುದು ಆಳವಾದ ಪುಡಿ ಹಿಮಕ್ಕೆ. ಅಲ್ಲಿ ಬೋರ್ಡ್ ತೇಲಬೇಕು, ಎಡ್ಜ್ ಕೊರೆಯುವುದಕ್ಕೆ ಗಟ್ಟಿ ನೆಲವೇ ಇಲ್ಲ, ಅಸಿಮ್ ಮಾತು ಅಲ್ಲಿ ಎತ್ತಲೂ ಬೇಡಿ. ಕಾರ್ವಿಂಗ್‌ಗೆ ಯಂತ್ರ ಓಡಿಸಿ ಸಮತಟ್ಟು ಮಾಡಿದ ಇಳಿಜಾರು ಬೇಕು. ಅಲ್ಮಾಟಿ ಹತ್ತಿರದ ಶಿಂಬುಲಾಕ್, ಜಾರ್ಜಿಯಾದ ಗುಡೌರಿ ಅದಕ್ಕೆ ಸರಿ. 2005ರಲ್ಲಿ ಶುರುವಾದ ಸ್ಕೀ ದುಬೈ ಕೂಡ ಪರವಾಗಿಲ್ಲ, ಅಲ್ಲಿನ ಉದ್ದನೆಯ ಇಳಿಜಾರೇ 400 ಮೀಟರ್, ಅಷ್ಟರಲ್ಲಿ ವೇಗ ಏರುವ ಮೊದಲೇ ಕೆಳಗೆ ಬಂದಿರುತ್ತೀರಿ, ಆದರೆ ಒಂದೇ ಹಿಮ್ಮಡಿ ತಿರುವನ್ನು ಮತ್ತೆ ಮತ್ತೆ ಮಾಡಿ ಕೈಗೆ ತಂದುಕೊಳ್ಳಲು ಅದಕ್ಕಿಂತ ಸಲೀಸಾದ ಜಾಗ ನಮಗೆ ಹತ್ತಿರದಲ್ಲಿ ಇಲ್ಲ.

ಹಾಗಾಗಿ ಪ್ರಯಾಣ ಮಾಡಿ ಕಾರ್ವ್ ಮಾಡುವ ನಮ್ಮಂಥವರಿಗೆ ನಾನು ಹೇಳುವುದು ಸಿಮೆಟ್ರಿಕಲ್ ಬೋರ್ಡೇ. ಎರಡು ಕಾಲೂ ಮುಂದಕ್ಕೆ ತಿರುಗಿಸುವವರಾದರೆ ಮೂತಿ ಬಾಲ ಬೇರೆ ಇರುವ ಡೈರೆಕ್ಷನಲ್ ಬೋರ್ಡ್, ಬೂಟಿಗೆ ತಕ್ಕ ಅಗಲ ನೋಡಿ. ಡಕ್ ಸ್ಟ್ಯಾನ್ಸ್ ಬಿಡುವುದಿಲ್ಲ, ಹಾರಿ ಸುತ್ತುವ ದಿಬ್ಬಗಳಿರುವ ಸ್ನೋ ಪಾರ್ಕಿಗೂ ಹೋಗುತ್ತೇನೆ ಅನ್ನುವವರು ಅಸಿಮ್ ಟ್ವಿನ್ ಧಾರಾಳವಾಗಿ ತಗೊಳ್ಳಿ. ಯುರೋಪಿನ ಯಾರದೋ ಗ್ಯಾರೇಜಿನಿಂದ 90ರ ದಶಕದ ಓರೆ ಬೋರ್ಡ್ ಅಗ್ಗಕ್ಕೆ ಬರುತ್ತಿದ್ದರೆ ಫೋಟೋದಲ್ಲಿ ಮೂತಿ ಯಾವ ಕಡೆ ಓರೆ ಇದೆ ನೋಡಿ ರೆಗ್ಯುಲರ್ರೋ ಗೂಫಿಯೋ ಖಚಿತ ಮಾಡಿಕೊಳ್ಳಿ, ಸ್ಕ್ರೂ ತೂತುಗಳ ಜೋಡಣೆ ಈಗಿನ ಬೈಂಡಿಂಗಿಗೆ ಹೊಂದುತ್ತದಾ ಕೇಳಿ, ಜೊತೆಗೆ ಕೊಡುತ್ತೇನೆ ಅನ್ನುವ ಹಳೇ ಹಾರ್ಡ್‌ಬೂಟ್ ಮಾತ್ರ ಬೇಡ ಅನ್ನಿ. ಅಷ್ಟು ಹಳೆಯ ಪ್ಲಾಸ್ಟಿಕ್ ಇಳಿಜಾರಿನ ನಡುವೆ ಒಡೆದುಹೋಗಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಅಸಿಮ್ ಟ್ವಿನ್ ನನಗೆ ಬೇಕೇ ಬೇಕು ಅನ್ನುವವರಿಗೆ ಒಂದು ಪರೀಕ್ಷೆ ಇದೆ. ರೆಸಾರ್ಟಿನಲ್ಲಿ ಒಂದನ್ನು ಬಾಡಿಗೆಗೆ ತಗೊಳ್ಳಿ. ಅರ್ಧ ದಿನ ಮಾಮೂಲಿನಂತೆ ಓಡಿಸಿ. ಮಧ್ಯಾಹ್ನ ಬೈಂಡಿಂಗ್ ಬಿಚ್ಚಿ, ಬೆರಳು ಇದ್ದ ಕಡೆ ಹಿಮ್ಮಡಿ ಬರುವ ಹಾಗೆ ತಿರುಗಿಸಿ ಕೂರಿಸಿ, ಅಂದರೆ ಆಳವಾದ ಸೈಡ್‌ಕಟ್ ಈಗ ಬೆರಳಿನ ಕೆಳಗೆ ಬರಬೇಕು. ಅದೇ ಇಳಿಜಾರಿನಲ್ಲಿ ಮತ್ತೆ ಇಳಿಯಿರಿ, ನಿಂತು ನಿಮ್ಮ ಹಿಮ್ಮಡಿ ತಿರುವಿನ ಗೆರೆ ನೋಡಿ. ಬೆಳಗಿನದಕ್ಕಿಂತ ಕೆಟ್ಟದಾಗಿದ್ದರೆ ನಿಮ್ಮ ಕಾಲಿಗೆ ಅಸಿಮ್ ಗೊತ್ತಾಗುತ್ತದೆ, ಕೊಳ್ಳಿ. ಎರಡೂ ಗೆರೆ ಒಂದೇ ಥರ ಇದ್ದರೆ ಆ ದುಡ್ಡಲ್ಲಿ ಇನ್ನೊಂದು ದುಬೈ ಟಿಕೆಟ್ ಬರುತ್ತದಾ ನೋಡಿ.